ಕೆ.ಸಿ. ವ್ಯಾಲಿ ನೀರು, ನೀರುಗಂಟಿ ಮನೆ ಮತ್ತು ನನ್ನ ಎಂ.ಎ. ಪ್ರಾಜೆಕ್ಟ್

ಪರಿಸರ ನೀತಿ ಮತ್ತು ನ್ಯಾಯದ ಪೇಪರ್‌ಗೆ ಫೀಲ್ಡ್ ಪ್ರಾಜೆಕ್ಟ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋಲಾರದ ಕೆರೆಗಳಿಗೆ ಬರುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರಿನ ಮೇಲೆ, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರಿನ ಮೇಲೆ, ನಾನು ಮಾಡಿದ್ದು ಕೊನೆಗೂ ಪಾಸಾಯಿತು, ಕ್ಲಾಸಿಗೇ ಜಾಸ್ತಿ ಅಂಕ ಬಂತು. ಶುರುವಿನಲ್ಲಿ ಒಬ್ಬರೂ ನಂಬಿರಲಿಲ್ಲ. "ಇದು ಸಮಾಜಶಾಸ್ತ್ರ ಆಗತ್ತಪ್ಪ, ನೀತಿಶಾಸ್ತ್ರ ಎಲ್ಲಿ?" ಅಂತ ಗೈಡ್ ಎರಡು ಸಲ ವಾಪಸ್ ಕಳಿಸಿದ್ದರು.

ಪರಿಸರ ನ್ಯಾಯದ ಮೂರು ಮುಖ, ಹಂಚಿಕೆ (ಲಾಭ, ನಷ್ಟ ಯಾರಿಗೆ), ಪ್ರಕ್ರಿಯೆ (ತೀರ್ಮಾನದಲ್ಲಿ ಯಾರನ್ನು ಕೇಳಿದರು), ಮನ್ನಣೆ (ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರು), ನಿಮಗೆ ಗೊತ್ತೇ ಇದೆ, ಬಿಡಿ. ಕಪ್ಪು ಜನರ ಊರಿನಲ್ಲಿ ವಿಷದ ಕಸ ಹೂಳುವುದರ ವಿರುದ್ಧ ಅಮೆರಿಕದಲ್ಲಿ ನಡೆದ 1982ರ ವಾರೆನ್ ಕೌಂಟಿ ಹೋರಾಟಕ್ಕೆ ಎಲ್ಲರೂ ಹತ್ತು ಪುಟ ಕೊಡುತ್ತಾರೆ, ನಾನು ಅರ್ಧ ಪುಟದಲ್ಲಿ ಮುಗಿಸಿದೆ.

ಮೊದಲು ಕೈಕೊಟ್ಟಿದ್ದು ಪ್ರಶ್ನಾವಳಿ. 'ಪೂರ್ತಿ ಒಪ್ಪುತ್ತೇನೆ'ಯಿಂದ ಶುರುವಾಗುವ ಐದು ಕಾಲಂ. ಟೈಪಿಂಗ್, ಜೆರಾಕ್ಸ್ ಸೇರಿ ಸಾವಿರದ ಹತ್ತಿರ ಹೋಯಿತು. ಜನ "ಒಳ್ಳೆಯದಾಗಿದೆ" ಅನ್ನುವುದಕ್ಕೂ ಒಪ್ಪಿದರು, "ಅನ್ಯಾಯವಾಗಿದೆ" ಅನ್ನುವುದಕ್ಕೂ ಒಪ್ಪಿದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಆ ಪುಸ್ತಕದ ಕನ್ನಡ ಯಾರಿಗೆ ಬೇಕು?

ಆಮೇಲೆ ಖಾಸಗಿ ಲ್ಯಾಬಿನಲ್ಲಿ ನೀರಿನ ಪರೀಕ್ಷೆ, ಅದಕ್ಕೆ ಸುಮಾರು ನಾಲ್ಕು ಸಾವಿರ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದು, ಜುಲೈನಲ್ಲಿ ನೊರೆ ಎದ್ದು, ಹೈಕೋರ್ಟ್ ತಡೆ ಕೊಟ್ಟಾಗಿನಿಂದ ಜಗಳವೆಲ್ಲ ಎರಡನೇ ಹಂತದ ಶುದ್ಧೀಕರಣ (ಸೂಕ್ಷ್ಮಜೀವಿಗಳಿಂದ ಕೊಳೆ ತೆಗೆಯುವುದು) ಸಾಕೋ, ಉಳಿದದ್ದನ್ನೂ ಇನ್ನಷ್ಟು ತೆಗೆಯುವ ಮೂರನೇ ಹಂತ ಬೇಕೋ ಅನ್ನುವುದರ ಮೇಲೇ ಇದೆ. ಮೂರನೇ ಹಂತ ಬೇಕೇ ಬೇಕು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಬಂದ ನೀರು ಊರೊಳಗೆ ಯಾರ ಪಾಲಾಯಿತು ಅಂತ ಲ್ಯಾಬ್ ರಿಪೋರ್ಟ್ ಹೇಳುವುದಿಲ್ಲ.

ಅದನ್ನು ಹೇಳಿದ್ದು ನೀರುಗಂಟಿ ಮನೆ, ಅಂದರೆ ತಲೆಮಾರುಗಳಿಂದ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ಕೆರೆ ನೀರು ಹಂಚುತ್ತಿದ್ದವರ ಮನೆ. ಊರಿನ ಹೆಸರು ಬೇಡ. ಕೆರೆ ತುಂಬಿದೆ, ತೂಬು ಮುಚ್ಚಿದೆ. ಈ ನೀರು ಅಂತರ್ಜಲಕ್ಕೆ ಮಾತ್ರ, ನೇರವಾಗಿ ಗದ್ದೆಗೆ ಬಿಡುವ ಹಾಗಿಲ್ಲ. ತೂಬು ಎಷ್ಟು ಎತ್ತಿದರೆ ಯಾವ ಬಯಲಿಗೆ ಎಷ್ಟು ಹೊತ್ತು ನೀರು ಅಂತ ಆ ಮನೆಯ ತಾತ ಕಲ್ಲಿನ ಮೇಲೆ ಗೇಣು ಹಾಕಿ ತೋರಿಸಿದರು. "ಕೆರೆ ತುಂಬಿದೆಯಲ್ಲ ತಾತ, ನಿಮಗೇನು ಬಂತು?" ಅಂದೆ. "ಆಗ ಕೆರೆ ತುಂಬಿದ್ರೆ ನಮಗೆ ಆಯ ಬರ್ತಿತ್ತಪ್ಪ. ಈಗ ಬೋರ್ ಇರೋರಿಗೆ ನೀರು, ನಮಗೆ ಸೊಳ್ಳೆ" ಅಂದರು. ಆಯ ಅಂದರೆ ಈ ಕೆಲಸಕ್ಕೆ ರೈತರು ಬೆಳೆಯಲ್ಲಿ ಕೊಡುತ್ತಿದ್ದ ಪಾಲು. ಅವರದ್ದು ದಲಿತ ಕುಟುಂಬ, ಜಮೀನಿಲ್ಲ, ಬೋರ್ ಇಲ್ಲ.

ಅವತ್ತೇ ಪ್ರಶ್ನಾವಳಿ ಬಿಟ್ಟೆ. ಮನೆಗೊಂದು ಸಾಲು, ಮೂರೇ ಪ್ರಶ್ನೆ: ಬೋರ್ ಇದೆಯಾ, ಕೆರೆ ಎಷ್ಟು ದೂರ, ನೀರು ಬಿಡುವ ಮುಂಚೆ ನಿಮ್ಮನ್ನು ಯಾರಾದರೂ ಕೇಳಿದ್ರಾ. ಐವತ್ತು ಚಿಲ್ಲರೆ ಮನೆ ಮಾಡಿದೆ. ಬೋರ್ ಇದ್ದದ್ದು ಕಾಲು ಭಾಗದವರಿಗೆ. ಬತ್ತಿದ ಬೋರ್‌ನಲ್ಲಿ ಮತ್ತೆ ನೀರು ಬಂದು ಟೊಮೆಟೊ ಹಾಕಿದವರ ಖುಷಿ ನಿಜವಾದದ್ದು, ಅದನ್ನೂ ಹಾಗೇ ಬರೆದೆ. ಬೆಂಗಳೂರು ಕೋಲಾರಕ್ಕೆ ಕೊಳಚೆ ತಳ್ಳಿತು ಅಂತ ಮಾತ್ರ ಬರೆದರೆ ಈ ಕೇರಿಯ ಲೆಕ್ಕ ಪೂರ್ತಿ ತಪ್ಪಿಹೋಗುತ್ತದೆ. ಯಾವ ಮನೆಗೆ ಮೊದಲು ಹೋಗಬೇಕು, ಯಾವ ಹೊತ್ತಿಗೆ ಹೋಗಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಗ್ರಾಮಸಭೆ ನಡಾವಳಿಗೆ ಆರ್‌ಟಿಐ ಹಾಕಿದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೊದಲನೆಯದು ಅದಕ್ಕೇ ವಾಪಸ್ ಬಂತು. ತುಂಡು ಮಾಡಿ ಹಾಕಿದೆ, ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. ಇಡೀ ಪ್ರಾಜೆಕ್ಟ್‌ನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಕೆಲಸಕ್ಕೆ ಬಂದದ್ದು ಬೇರೇನೂ ಇಲ್ಲ. ಪ್ರಕ್ರಿಯೆಯ ಅಧ್ಯಾಯ ನಿಂತಿರುವುದೇ ಆ ಪುಟಗಳ ಮೇಲೆ.

ಮಧ್ಯೆ ಕುಡಿಯುವ ನೀರಿನ ಘಟಕಗಳ ಮುಂದೆಯೂ ಕೂತಿದ್ದೆ. ಫ್ಲೋರೈಡ್ ನೋಡೋಣ ಅಂತ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವುದು) ತಂದೆ, ಅದು ಫ್ಲೋರೈಡ್ ತೋರಿಸುವುದಿಲ್ಲ, ಸುಮ್ನೆ ಮುನ್ನೂರು ರೂಪಾಯಿ ದಂಡ. ಆದರೆ ಕ್ಯಾನ್ ಹೊರುವವರು ಯಾರು ಅಂತ ಬರೆದುಕೊಂಡದ್ದು ಅನುಬಂಧಕ್ಕೆ ಸೇರಿತು. ಹೆಚ್ಚಿನವರು ಹೆಂಗಸರು, ಮಕ್ಕಳು.

ಪೆಟ್ರೋಲ್, ಬೈಂಡಿಂಗ್ ಎಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರೂ ಅದೇ ಕೇಳಿದರು, ನೀತಿಶಾಸ್ತ್ರ ಎಲ್ಲಿದೆ ಅಂತ. ಮನೆಗಳ ಪಟ್ಟಿ ಮುಂದಿಟ್ಟು, ಮೂರನೇ ಕಾಲಂ ಓದಿ ಸರ್ ಅಂದೆ, ನಿಮ್ಮನ್ನು ಯಾರಾದರೂ ಕೇಳಿದ್ರಾ ಅನ್ನುವುದು. ಬಹುತೇಕ ಎಲ್ಲ ಸಾಲಿನಲ್ಲೂ "ಇಲ್ಲ". ಮುಂದಿನ ಅರ್ಧ ಗಂಟೆ ಮನ್ನಣೆಯ ಬಗ್ಗೆಯೇ ಮಾತಾಡಿದೆವು.

ಇದೇ ಪಟ್ಟಿ ಹಿಡಿದು ಬೆಂಗಳೂರಿನ ಇದೇ ಥರದ ನೀರು ಹೋಗುವ ಚಿಕ್ಕಬಳ್ಳಾಪುರದ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಕೆರೆಗಳಿಗೆ ಹೋಗಬೇಕೆಂದಿದ್ದೇನೆ. ಆ ಕಡೆ ನೀರುಗಂಟಿ ಮನೆತನದವರ ಪರಿಚಯ ಇದ್ದರೆ ತಿಳಿಸಿ.