ಹೀಟರ್ ಆನ್ ಆದರೆ ಮ್ಯಾಗ್ನೆಟೋಮೀಟರ್ ರೀಡಿಂಗ್ ಜಿಗಿತ: ಸರಿಹೋದದ್ದು ಹೀಗೆ

ಗ್ರಹನೌಕೆಗಾಗಿ ಮಾಡಿದ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಉಪಕರಣ) ಥರ್ಮಲ್ ವ್ಯಾಕ್ಯೂಮ್ ಪರೀಕ್ಷೆಯಲ್ಲಿ, ಅಂದರೆ ಬಾಹ್ಯಾಕಾಶದಂಥ ನಿರ್ವಾತ ಮತ್ತು ಬಿಸಿ-ಚಳಿಯಲ್ಲಿ ನಡೆಸುವ ಪರೀಕ್ಷೆಯಲ್ಲಿ, ಕಾಟ ಕೊಡಲು ಶುರುಮಾಡಿತು. ರೀಡಿಂಗ್ ಸುಮ್ನೆ ಮೇಲಕ್ಕೆ ಜಿಗಿಯುವುದು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವುದು, ಮತ್ತೆ ಇಳಿಯುವುದು. ಜಿಗಿತ ಕೆಲವೇ ನ್ಯಾನೊಟೆಸ್ಲಾ. ಭೂಮಿಯ ಮೇಲ್ಮೈಯಲ್ಲಿ ಕಾಂತಕ್ಷೇತ್ರ ಸುಮಾರು 25,000ದಿಂದ 65,000 ನ್ಯಾನೊಟೆಸ್ಲಾ ಇರುವಾಗ ಇದೇನು ಮಹಾ ಅನಿಸಬಹುದು. ಆದರೆ ಗ್ರಹಗಳ ನಡುವಿನ ಜಾಗದಲ್ಲಿ, ಸೂರ್ಯನಿಂದ ಭೂಮಿಯಷ್ಟೇ ದೂರದಲ್ಲಿ, ಇಡೀ ಕ್ಷೇತ್ರವೇ 5 ನ್ಯಾನೊಟೆಸ್ಲಾ ಆಸುಪಾಸು!

ಸೆನ್ಸರ್ ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ಮ್ಯೂ-ಮೆಟಲ್ ಎಂಬ ಲೋಹದ ಡಬ್ಬದೊಳಗಿತ್ತು. ಹಾಗಾಗಿ ಹೊರಗಿನ ಗದ್ದಲ ಇರಲಾರದು. ತಾಪಮಾನದ ಪರಿಣಾಮವೂ ಅಲ್ಲ, ಅದು ನಿಧಾನವಾಗಿ ಬರುತ್ತದೆ. ಸೆನ್ಸರನ್ನು ಬೆಚ್ಚಗಿಡುವ ಹೀಟರ್‌ನ ಕರೆಂಟನ್ನೂ ರೀಡಿಂಗನ್ನೂ ಒಂದೇ ಗ್ರಾಫಿಗೆ ಹಾಕಿದಾಗ ಕಳ್ಳ ಸಿಕ್ಕಿಬಿದ್ದ. ಹೀಟರ್‌ನ ಪ್ಲಸ್, ಮೈನಸ್ ಅದಲುಬದಲು ಮಾಡಿದೆ. ಜಿಗಿತವೂ ಉಲ್ಟಾ ಆಯಿತು. ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ.

ಹೀಟರ್‌ಗೆ ಕರೆಂಟ್ ಹೋಗುವ ತಂತಿ ಒಂದು ಕಡೆ, ವಾಪಸ್ ಬರುವುದು ಇನ್ನೊಂದು ಕಡೆ. ನಡುವೆ ದೊಡ್ಡ ಲೂಪ್. ಅದರಲ್ಲಿ ಕರೆಂಟ್ ಹರಿದರೆ ಅದೂ ಒಂದು ಅಯಸ್ಕಾಂತವೇ, ಅಲ್ವಾ? ನೌಕೆಯಿಂದ ಹೊರಚಾಚಿ ಸೆನ್ಸರನ್ನು ಹೊರುವ ಉದ್ದದ ಕಂಬ, ಅಂದರೆ ಬೂಮ್, ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಸೆನ್ಸರನ್ನು ನೌಕೆಯ ಕಾಂತಕ್ಷೇತ್ರದಿಂದ ದೂರ ಇಡುತ್ತದೆ, ನಿಜ. ಆದರೆ ಈ ಹೀಟರ್ ಸೆನ್ಸರ್‌ಗೇ ಅಂಟಿಕೊಂಡಿದೆ.

ಎರಡೂ ತಂತಿಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆದು ಹೊಸದಾಗಿ ಎಳೆದೆವು. ಹೀಟರ್ ಫಾಯಿಲನ್ನೂ ಎರಡು ಪದರದ್ದಕ್ಕೆ ಬದಲಿಸಿದೆವು. ಪದರಗಳಲ್ಲಿ ಕರೆಂಟ್ ಎದುರುಬದುರು ಹರಿಯುವುದರಿಂದ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ಪರೀಕ್ಷೆ ಮತ್ತೆ ನಡೆಸಿದಾಗ ಜಿಗಿತ ಸೆನ್ಸರ್‌ನ ಸ್ವಂತ ನಾಯ್ಸ್‌ನಲ್ಲೇ ಮುಚ್ಚಿಹೋಯಿತು. ಪ್ಲಸ್-ಮೈನಸ್ ಬದಲಿಸಿ ನೋಡುವುದನ್ನು ಈಗ ಪರೀಕ್ಷೆಯ ಪಟ್ಟಿಗೇ ಸೇರಿಸಿದ್ದೇವೆ.