ಮೊದಲನೇ ಸೋಫಾಗೆ ಇನ್ಶೂರೆನ್ಸ್ ತಗೊಂಡೆ, ಎರಡನೇದಕ್ಕೆ ತಗೊಳ್ಳಲಿಲ್ಲ

ಅಂಗಡಿಯಲ್ಲಿ ಮೂರು ಗಂಟೆ ಸುತ್ತಿ, ಹತ್ತು ಸೋಫಾಗಳ ಮೇಲೆ ಕೂತು ಎದ್ದು, ಬಣ್ಣದ ಬಗ್ಗೆ ಮನೆಯವರ ಜೊತೆ ಸಣ್ಣ ಜಗಳವನ್ನೂ ಮುಗಿಸಿ, ಕೊನೆಗೆ ಬಿಲ್ ಮಾಡಿಸಲು ನಿಂತಾಗ ಆ ಪ್ರಶ್ನೆ ಬರುತ್ತದೆ. 'ಸಾರ್, ಐದು ವರ್ಷದ ಪ್ರೊಟೆಕ್ಷನ್ ಪ್ಲಾನ್ ಹಾಕಿಬಿಡಲಾ? ಏನೇ ಆದರೂ ನಾವು ನೋಡಿಕೊಳ್ಳುತ್ತೇವೆ.' ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. ಅಷ್ಟು ದುಡ್ಡು ಕೊಟ್ಟು ಸೋಫಾ ತಗೊಂಡ ಮೇಲೆ ಅದರ ಹತ್ತನೇ ಒಂದು ಭಾಗ ಜಾಸ್ತಿ ಕೊಟ್ಟರೆ ಏನು ಮಹಾ ಅನ್ನಿಸಿತು. ಹಾಕಿ ಅಂದೆ. ಕಾಗದ ಓದಲಿಲ್ಲ, ಬಿಲ್ ಜೊತೆ ಮಡಚಿ ಕವರಿಗೆ ಹಾಕಿದೆ.

ಎಂಟು ತಿಂಗಳಾದ ಮೇಲೆ ಮಗ ಸೋಫಾ ಮೇಲೆ ಪೆನ್ನು ಬಿಚ್ಚಿಟ್ಟು ಎದ್ದು ಹೋದ. ತಿಳಿ ಬಣ್ಣದ ಬಟ್ಟೆ, ಅಂಗೈಯಗಲ ನೀಲಿ ಕಲೆ. ನನಗಂತೂ ಒಳಗೊಳಗೇ ಸಮಾಧಾನ, ಇನ್ಶೂರೆನ್ಸ್ ಇದೆಯಲ್ಲ! ಫೋನ್ ಮಾಡಿದೆ. ಯಾವತ್ತು ಆಯಿತು, ಹೇಗೆ ಆಯಿತು, ಯಾವ ಕುಶನ್, ಫೋಟೋ ಕಳಿಸಿ, ಬಿಲ್ ಕಳಿಸಿ ಅಂದರು. ಬಿಲ್ ಹುಡುಕೋದಕ್ಕೇ ಅರ್ಧ ದಿನ ಹೋಯಿತು. ಆಮೇಲೆ ಮನೆಗೆ ಬಂದಿದ್ದು ಹೊಸ ಕುಶನ್ ಅಲ್ಲ, ಒಂದು ಸಣ್ಣ ಬಾಟಲಿ ದ್ರವ ಮತ್ತು ಒಂದು ಬಿಳಿ ಬಟ್ಟೆ. ನೀವೇ ಉಜ್ಜಿ ನೋಡಿ ಅಂತ. ಉಜ್ಜಿದೆ, ಕಲೆ ಇನ್ನಷ್ಟು ಹರಡಿತು. ಮತ್ತೆ ಫೋನ್, ಮತ್ತೆ ಫೋಟೋ. ಎರಡು ವಾರ ಬಿಟ್ಟು ಒಬ್ಬ ಟೆಕ್ನಿಷಿಯನ್ ಬಂದು ಒಂದು ಗಂಟೆ ಕೆಲಸ ಮಾಡಿದ. ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುವಷ್ಟು ಉಳಿಯಿತು. ಹುಡುಗ ಕೆಲಸ ಚೆನ್ನಾಗಿ ಮಾಡಿದ, ಅದರಲ್ಲಿ ಎರಡು ಮಾತಿಲ್ಲ. ಇಂಥ ಪ್ಲಾನ್‌ಗಳ ದಾರಿಯೇ ಇದು ಅಂತ ಆಮೇಲೆ ಗೊತ್ತಾಯಿತು: ಮೊದಲು ಕ್ಲೀನಿಂಗ್, ಆಗದಿದ್ದರೆ ರಿಪೇರಿ, ಅದೂ ಆಗದಿದ್ದರೆ ಆ ಭಾಗ ಬದಲಾಯಿಸುವುದು. ಪೂರ್ತಿ ಹೊಸ ಸೋಫಾ ಅನ್ನೋದು ತೀರಾ ಕೊನೆಯ ಮಾತು. ಹಾಗೆ ಬದಲಾಯಿಸಿ ಕೊಟ್ಟರೆ ಎಷ್ಟೋ ಪ್ಲಾನ್‌ಗಳು ಅಲ್ಲಿಗೇ ಮುಗಿಯುತ್ತವೆ, ವರ್ಷ ಬಾಕಿ ಇದ್ದರೂ ಹೊಸದಕ್ಕೆ ರಕ್ಷಣೆ ಇರುವುದಿಲ್ಲ.

ನಿಜವಾದ ಪಾಠ ಆಗಿದ್ದು ಮೂರನೇ ವರ್ಷ. ನಾನು ದಿನಾ ಕೂರುವ ಮೂಲೆ ಕುಸಿದಿತ್ತು. ಕೈ ಇಡುವ ಜಾಗ ಎಣ್ಣೆ, ಬೆವರು ಹತ್ತಿ ಕಪ್ಪಾಗಿತ್ತು. ಹಿಂದಿನ ಹೊಲಿಗೆ ಒಂದು ಕಡೆ ಬಾಯಿ ಬಿಟ್ಟಿತ್ತು. ಧೈರ್ಯವಾಗಿ ಫೋನ್ ಮಾಡಿದೆ. 'ಇದು ಯಾವತ್ತು ಆಯಿತು ಸಾರ್?' ಅಂತ ಆ ಕಡೆಯಿಂದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, 'ಯಾವತ್ತು ಅಂತ ಹೇಳೋದು, ನಿಧಾನವಾಗಿ ಆಗಿದೆ.' ಅಷ್ಟೇ, ಕ್ಲೇಮ್ ಅಲ್ಲಿಗೇ ಮುಗಿಯಿತು.

ಆ ರಾತ್ರಿ ಕೂತು ಕಾಗದ ಓದಿದೆ, ಮೂರು ವರ್ಷ ತಡವಾಗಿ. ರಕ್ಷಣೆ ಇರುವುದು ಒಂದೇ ಸಲಕ್ಕೆ, ಅಚಾನಕ್ಕಾಗಿ ಆಗುವ ಹಾನಿಗೆ: ಏನೋ ಚೆಲ್ಲಿತು, ಬಟ್ಟೆ ಹರಿಯಿತು, ಸುಟ್ಟಿತು. ಅದನ್ನೂ ಇಷ್ಟು ದಿನದೊಳಗೆ ತಿಳಿಸಬೇಕು. ಬಳಸಿ ಬಳಸಿ ಆಗುವ ಸವೆತ, ದಿನದಿನವೂ ಸೇರಿಕೊಂಡ ಕೊಳೆ, ಬಿಸಿಲಿಗೆ ಬಣ್ಣ ಹೋಗುವುದು, ಫೋಮ್ ಕುಸಿಯುವುದು, ಸಾಕುಪ್ರಾಣಿ ಪರಚಿದ್ದು, ಕಾರಣ ಗೊತ್ತಿಲ್ಲದ ಕಲೆ, ಇವೆಲ್ಲ ಹೊರಗೆ. ಹೊಲಿಗೆ ಬಿಟ್ಟಿದ್ದು ತಯಾರಿಕೆಯ ದೋಷ, ತಯಾರಕರನ್ನು ಕೇಳಿ ಅಂತ ಇತ್ತು. ತಯಾರಕರ ವಾರಂಟಿ ಒಂದೇ ವರ್ಷಕ್ಕೆ ಮುಗಿದಿತ್ತು. ಹೇಳಿ, ಸೋಫಾ ಹಾಳಾಗುವುದು ಹೇಗೆ? ಮುಕ್ಕಾಲು ಪಾಲು ಕೂತೂ ಕೂತೂ ಅಲ್ವಾ! ನಾನು ದುಡ್ಡು ಕೊಟ್ಟಿದ್ದು ಉಳಿದ ಕಾಲು ಪಾಲಿಗೆ.

ಕುಸಿದ ಕುಶನ್ನನ್ನು ಕೊನೆಗೆ ಹತ್ತಿರದ ಕುಶನ್ ಕೆಲಸದವರ ಹತ್ತಿರ ಒಯ್ದೆ. ಅವರು ಕವರ್ ಬಿಚ್ಚಿ ಒಳಗಿನ ಫೋಮನ್ನು ಎರಡು ಬೆರಳಲ್ಲಿ ಹಿಚುಕಿ ನಕ್ಕರು. ಕಡಿಮೆ ಡೆನ್ಸಿಟಿಯ ಫೋಮ್, ಇದು ಬೆನ್ನಿಗೆ ಸರಿ, ಕೂರುವುದಕ್ಕಲ್ಲ ಅಂದರು. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ ಅಂತ ಅವತ್ತೇ ತಿಳಿದದ್ದು. ಮೆತ್ತಗೆ, ಗಟ್ಟಿ ಅನ್ನೋದಕ್ಕೂ ಡೆನ್ಸಿಟಿಗೂ ನೇರ ಸಂಬಂಧ ಇಲ್ಲ, ಗಟ್ಟಿಯಾಗಿದ್ದೂ ಬೇಗ ಕುಸಿಯುವ ಫೋಮ್ ಇರುತ್ತದೆ. ಅಂಗಡಿಯಲ್ಲಿ ಅಂಗೈಯಲ್ಲಿ ಒತ್ತಿ ನೋಡಿ ನಾವು ಮೋಸ ಹೋಗುವುದು ಇಲ್ಲೇ. ಫೋಮ್ ಬದಲಿಸಿ, ಹೊಲಿಗೆ ಹಾಕಿಸಿದ್ದಕ್ಕೆ ನಾನು ಕೊಟ್ಟ ಪ್ರೀಮಿಯಂಗಿಂತ ಕಡಿಮೆ ಖರ್ಚಾಯಿತು. ಇದನ್ನು ಬರೆಯುವಾಗ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಎರಡನೇ ಸೋಫಾ ತಗೊಳ್ಳುವಾಗ ಮೊದಲು ಲೆಕ್ಕ ಹಾಕಿದೆ. ಪ್ರೀಮಿಯಂ ಸೋಫಾ ಬೆಲೆಯ ನೂರಕ್ಕೆ ಹತ್ತು. ಒಂದು ಕಲೆ ತೆಗೆಸುವುದಕ್ಕೋ ಹರಿದದ್ದನ್ನು ಸರಿ ಮಾಡಿಸುವುದಕ್ಕೋ ಬೆಲೆಯ ನೂರಕ್ಕೆ ಇಪ್ಪತ್ತು ಆಗುತ್ತದೆ ಅಂತ ಜಾಸ್ತಿಯೇ ಹಿಡಿಯಿರಿ. ಆಗಲೂ ಐದು ವರ್ಷದಲ್ಲಿ ಅಂಥ ಹಾನಿ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇರಬೇಕು, ಕ್ಲೇಮೂ ಒಪ್ಪಿಗೆ ಆಗಬೇಕು, ಆಗ ಮಾತ್ರ ನನಗೆ ಲಾಭ. ಅಷ್ಟಿಲ್ಲ ಅನ್ನಿಸಿತು. ಆ ದುಡ್ಡನ್ನು ಬೇರೆ ಖಾತೆಗೆ ಹಾಕಿಟ್ಟೆ, ಸೋಫಾ ದುಡ್ಡು ಅಂತ ಹೆಸರಿಟ್ಟು. ಸ್ವಲ್ಪ ದುಡ್ಡನ್ನು ಸೋಫಾಕ್ಕೇ ಹಾಕಿದೆ: ಜಿಪ್ ಇರುವ, ಬಿಚ್ಚಿ ತೊಳೆಯಬಹುದಾದ ಕವರ್, ಒಳ್ಳೆ ಡೆನ್ಸಿಟಿ ಫೋಮ್, ಉಜ್ಜಿದರೂ ಬೇಗ ಸವೆಯದ ಬಟ್ಟೆ. ಬಟ್ಟೆಗೆ ಮಾರ್ಟಿಂಡೇಲ್ ಅನ್ನುವ ಉಜ್ಜುವ ಪರೀಕ್ಷೆ ಇದೆ, ಎಷ್ಟು ಸುತ್ತು ಉಜ್ಜಿದರೆ ಬಟ್ಟೆ ಸವೆಯುತ್ತದೆ ಅಂತ ಅದರಲ್ಲಿ ನೋಡುತ್ತಾರೆ. ದಿನಾ ಬಳಸುವ ಮನೆ ಸೋಫಾಗೆ 25,000 ಸುತ್ತು ಇದ್ದರೆ ಸಾಕು. ಕುಶನ್ ಅಡಿಯ ಚೀಟಿಯನ್ನೂ ನೋಡಿದೆ. ಅದರಲ್ಲಿ ಡಬ್ಲ್ಯೂ ಅಂತಿದ್ದರೆ ನೀರಿನ ಕ್ಲೀನರ್ ಹಾಕಬಹುದು, ಎಸ್ ಅಂತಿದ್ದರೆ ನೀರು ಮುಟ್ಟಿಸಬಾರದು, ಎಕ್ಸ್ ಅಂತಿದ್ದರೆ ಬರೀ ವ್ಯಾಕ್ಯೂಮ್. ಮಕ್ಕಳಿರುವ ಮನೆಗೆ ಎಕ್ಸ್ ಬಟ್ಟೆ ಸುಮ್ನೆ ತಲೆನೋವು.

ಯಾರೂ ತಗೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ನನ್ನ ತಂಗಿ ಬಿಳಿ ಲೆದರ್ ಸೋಫಾ ತಗೊಂಡಳು, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಲೆದರ್ ಹರಿದರೆ ಒಂದು ಪಟ್ಟಿ ಬದಲಾಯಿಸೋದೇ ದುಬಾರಿ. ಪ್ಲಾನ್ ತಗೊಂಡಳು, ಮಗಳು ಕತ್ತರಿ ಆಡಿಸಿದ ಮಾರನೇ ದಿನವೇ ತಿಳಿಸಿದಳು, ಅವರು ಸೀಟಿನ ಪಟ್ಟಿ ಬದಲಾಯಿಸಿ ಕೊಟ್ಟರು. ಅವಳಿಗೆ ಅದು ಸರಿಯೇ. ಆದರೆ ಅವಳು ದುಡ್ಡು ಕೊಡುವ ಮುಂಚೆ ಷರತ್ತಿನ ಕಾಗದವನ್ನು ಕೈಗೆ ಕೇಳಿ ತಗೊಂಡು ಓದಿದ್ದಳು. ಮನೆಯ ಸಾಮಾನಿಗೆ ಇರುವ ಪಾಲಿಸಿಯಲ್ಲಿ ಇದು ಮೊದಲೇ ಸೇರಿದೆಯಾ ಅಂತಲೂ ನೋಡಿದ್ದಳು. ಕೆಲವು ಪಾಲಿಸಿಗಳಲ್ಲಿ ಆಕಸ್ಮಿಕ ಹಾನಿಯ ಭಾಗ ಇರುತ್ತದೆ, ಆಗ ಒಂದೇ ಹಾನಿಗೆ ಎರಡು ಕಡೆ ದುಡ್ಡು ಕಟ್ಟಿದ ಹಾಗೆ.

ಈಗಾಗಲೇ ತಗೊಂಡುಬಿಟ್ಟಿದ್ದರೆ ಇವತ್ತೇ ಆ ಕಾಗದ ತೆಗೆಯಿರಿ. ಎಷ್ಟೋ ಪ್ಲಾನ್‌ಗಳಲ್ಲಿ ಶುರುವಿನ ಕೆಲವು ದಿನ ರದ್ದು ಮಾಡಿ ದುಡ್ಡು ವಾಪಸ್ ಪಡೆಯಲು ಅವಕಾಶ ಇರುತ್ತದೆ. ಇಟ್ಟುಕೊಳ್ಳುತ್ತೀರಿ ಅಂದರೆ ಬಿಲ್ಲಿಂದೂ ಸೋಫಾದ್ದೂ ಫೋಟೋ ತೆಗೆದು ಫೋನಲ್ಲಿ ಇಟ್ಟಿರಿ. ಏನಾದರೂ ಚೆಲ್ಲಿದರೆ ಅವತ್ತಿನ ತಾರೀಖನ್ನೂ ಅಲ್ಲೇ ಬರೆದಿಡಿ, ಯಾಕಂದರೆ ಅವರು ಮೊದಲು ಕೇಳುವುದು ಅದನ್ನೇ.