ಹಳೆಯ ಕಾರಿನ ಸಡಿಲ ಕನ್ನಡಿಗೆ ಮನೆಯಲ್ಲೇ ದುರಸ್ತಿ

ಕಳೆದ ಮಳೆಗಾಲದ ಒಂದು ರಾತ್ರಿ. ಮೈಸೂರಿನಿಂದ ಹೊರಟು ಮದ್ದೂರು ದಾಟುವಷ್ಟರಲ್ಲಿ ನಮ್ಮ 1977ರ ಪ್ರೀಮಿಯರ್ ಪದ್ಮಿನಿಯ ಬಲಗನ್ನಡಿ ತಲೆ ತಗ್ಗಿಸಿತ್ತು. ಕೈ ಹೊರಚಾಚಿ ಎತ್ತಿ ನಿಲ್ಲಿಸಿದರೆ ಸ್ವಲ್ಪ ದೂರ ನಿಲ್ಲುತ್ತಿತ್ತು, ಮತ್ತೆ ಜಾರುತ್ತಿತ್ತು. ಹಿಂದೆ ಬರುತ್ತಿದ್ದ ಲಾರಿಯ ಎರಡು ದೀಪಗಳು ಅದರಲ್ಲಿ ನಡುಗಿ ನಡುಗಿ ಒಂದೇ ಬೆಳಕಿನ ಗೆರೆಯಾಗಿದ್ದವು. ಲಾರಿ ಎಷ್ಟು ದೂರದಲ್ಲಿದೆ, ಹತ್ತಿರವಾಗುತ್ತಿದೆಯೇ ಎಂಬುದು ತಿಳಿಯಲೇ ಇಲ್ಲ. ಮರುದಿನ ಬಿಗಿ ಮಾಡಿಸಲು ಕೊಟ್ಟೆ. ಅಲ್ಲಿ ತಿರುಪನ್ನು ಬಲವಾಗಿ ತಿರುವಿದ ರಭಸಕ್ಕೆ ಕನ್ನಡಿಯ ಬುಡ ಬಿರುಕು ಬಿಟ್ಟಿತು. ಅಪ್ಪ ಅಷ್ಟು ವರ್ಷ ಒರೆಸಿ ಕಾಪಾಡಿದ್ದ ಕನ್ನಡಿ ಅದು.

ಆ ಬೇಸರದಲ್ಲಿ ಕುಳಿತು ಕಲಿತ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಪದ್ಮಿನಿಗೆ ಹೇಳಿದ ಮಾತು ಅಂಬಾಸಿಡರ್‌ಗೂ, ಬಾಗಿಲಿಗೆ ತಿರುಪಿನಿಂದ ಕನ್ನಡಿ ಕೂರಿಸಿದ ಬೇರೆ ಹಳೆಯ ಕಾರುಗಳಿಗೂ ಬಹುಮಟ್ಟಿಗೆ ಹೊಂದುತ್ತದೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಸಡಿಲ ಇರುವುದು ಎಲ್ಲಿ ಎಂದು ಹುಡುಕಿ. ಹಳೆಯ ಕನ್ನಡಿಗಳು ಕೆಡುವುದು ಸಡಿಲವಾಗಿದ್ದರಿಂದಲ್ಲ, ಸಂಬಂಧವಿಲ್ಲದ ತಿರುಪನ್ನು ಬಿಗಿ ಮಾಡಿದ್ದರಿಂದ.

ಬೆರಳಿಟ್ಟು ನೋಡಿ

ಎಂಜಿನ್ ನಿಲ್ಲಿಸಿ, ಕಿಟಕಿಯ ಗಾಜು ಏರಿಸಿ, ಬಾಗಿಲು ಮುಚ್ಚಿ. ಎಡಗೈಯ ತೋರುಬೆರಳನ್ನು ಕನ್ನಡಿಯ ಬುಡವೂ ಬಾಗಿಲ ತಗಡೂ ಸೇರುವ ಗೆರೆಯ ಮೇಲೆ ಇಡಿ. ಬಲಗೈಯಿಂದ ಕನ್ನಡಿಯನ್ನು ಮೆಲ್ಲಗೆ ಅಲ್ಲಾಡಿಸಿ. ಬೆರಳಿನಡಿಯಲ್ಲಿ ಅಲುಗಾಟ ತಿಳಿದರೆ ದೋಷ ಬುಡದಲ್ಲಿದೆ. ಬುಡ ಗಟ್ಟಿಯಾಗಿದ್ದು ತಲೆ ಮಾತ್ರ ವಾಲಿದರೆ, ಕನ್ನಡಿಯನ್ನು ಬೇಕಾದತ್ತ ತಿರುಗಿಸಲು ಇರುವ ಗುಂಡು ಕೀಲು ಸಡಿಲವಾಗಿದೆ. ಎರಡೂ ಗಟ್ಟಿಯಿದ್ದು ಗಾಜು ಮಾತ್ರ ಕಟಕಟ ಎಂದರೆ ಗಾಜು ತನ್ನ ಬಟ್ಟಲಿನಿಂದ ಬಿಟ್ಟಿದೆ.

ಒಮ್ಮೊಮ್ಮೆ ಕನ್ನಡಿಯಲ್ಲಿ ಯಾವ ತಪ್ಪೂ ಇರುವುದಿಲ್ಲ. ಕಾರು ನಿಂತಿರುವಾಗ, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಮಾತ್ರ ನೋಟ ನಡುಗಿ, ವೇಗ ಹೆಚ್ಚಿದಾಗ ಸರಿಯಾದರೆ ಎಂಜಿನ್ನಿನ ಮೌಂಟಿಂಗ್ ರಬ್ಬರುಗಳನ್ನು ಪರೀಕ್ಷಿಸಿ. ಬಾಗಿಲನ್ನು ಹಿಡಿದೆತ್ತಿದಾಗ ಬಾಗಿಲೇ ಮೇಲೆ ಕೆಳಗೆ ಆಡಿದರೆ ಹಿಂಜ್ ಸವೆದಿದೆ. ಅವೆರಡನ್ನು ಸರಿಪಡಿಸದೆ ಕನ್ನಡಿಯನ್ನು ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ.

ಗುಂಡು ಕೀಲು

ಇದು ಅರ್ಧ ಗಂಟೆಯ ಕೆಲಸ. ಕೆಲವು ಕನ್ನಡಿಗಳಲ್ಲಿ ಕೀಲನ್ನು ಹಿಡಿದಿಡುವ ತಿರುಪು ಹೊರಗೇ ಕಾಣುತ್ತದೆ. ಇನ್ನು ಕೆಲವುದರಲ್ಲಿ ಅದು ಗಾಜಿನ ಹಿಂದೆ, ಒಂದು ಸ್ಪ್ರಿಂಗ್ ಜೊತೆ ಇರುತ್ತದೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ.

ಯಾರೋ ಎಂದೋ ಬಿಟ್ಟ ಎಣ್ಣೆ ಅಲ್ಲಿ ಕರಿಯ ಮೇಣದಂತೆ ಕಟ್ಟಿರುತ್ತದೆ. ಕೀಲು ನಿಲ್ಲುವುದೇ ಘರ್ಷಣೆಯಿಂದ. ಎಣ್ಣೆ ಬಿದ್ದರೆ ಜಾರಲೇಬೇಕು. ಸೀಮೆಎಣ್ಣೆಯಲ್ಲಿ ತೊಳೆದು, ಸೋಪಿನ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಪೂರ್ತಿ ಒಣಗಿಸಿ. ಗುಂಡು ಸವೆದಿದ್ದರೆ ಸೈಕಲ್ ಟ್ಯೂಬಿನ ತೆಳು ತುಂಡೊಂದನ್ನು ಗುಂಡಿಗೂ ಅದರ ಗುಳಿಗೂ ನಡುವೆ ಇಟ್ಟು ಕೂರಿಸಿ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಬಿಗಿ ಮಾಡಬೇಡಿ. ಹಾಗೆ ಒತ್ತಿಹೋದ ಸ್ಪ್ರಿಂಗ್ ಸವೆತಕ್ಕೆ ತಕ್ಕಂತೆ ಮತ್ತೆ ಒತ್ತಲಾರದು. ಒಂದು ಕೈಯಲ್ಲಿ ಸ್ವಲ್ಪ ಬಲ ಹಾಕಿದರೆ ತಿರುಗಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು. ಆ ಹದ ಸಿಕ್ಕಿದ ಮೇಲೆ ತಿರುಪಿನ ಥ್ರೆಡ್ಡಿಗೆ ಮಾತ್ರ ನೀಲಿ ಬಣ್ಣದ ಥ್ರೆಡ್‌ಲಾಕರ್ (ತಿರುಪು ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಬೇಡ, ಮುಂದೆ ಬಿಚ್ಚುವಾಗ ಕಾಯಿಸಬೇಕಾಗುತ್ತದೆ, ಬಣ್ಣ ಹಾಳಾಗುತ್ತದೆ.

ಬುಡ ಸಡಿಲವಾಗಿದ್ದರೆ

ತಾಳ್ಮೆ ಬೇಕಾಗುವುದು ಇಲ್ಲಿ. ಹಿಂದಿನ ಸಂಜೆಯೇ ತಿರುಪುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬೆಳಿಗ್ಗೆ ಬುಡದ ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ತಿರುಪಿನ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದಲೇ ಬಿಚ್ಚಿ. ಚಿಕ್ಕದನ್ನು ಹಾಕಿ ತಿರುಪಿನ ತಲೆ ಕೆಡಿಸಿದರೆ ಆ ದಿನವೆಲ್ಲ ಅದಕ್ಕೇ ಹೋಗುತ್ತದೆ.

ನಮ್ಮ ಕಾರಿನ ಬುಡ ಎತ್ತಿದಾಗ ಕೆಳಗೆ ವೀಳ್ಯದೆಲೆಯ ಆಕಾರದ ಒಂದು ತುಣುಕು ಬಣ್ಣ ಕಂಡಿತು. ಬಿಸಿಲು ಕಾಣದ, ಮೊದಲ ದಿನದಷ್ಟೇ ಹೊಳಪಿನ ತಿಳಿನೀಲಿ. ಅದರ ನಡುವೆ ಎರಡು ತೂತುಗಳ ಸುತ್ತ ಕಂದು ತುಕ್ಕಿನ ಉಂಗುರಗಳು. ಬುಡಕ್ಕೂ ತಗಡಿಗೂ ನಡುವೆ ಇಡುವ ರಬ್ಬರ್ ಗ್ಯಾಸ್ಕೆಟ್ ಒಣಗಿ ಹಪ್ಪಳವಾಗಿತ್ತು. ನೀರು ಅದರಡಿ ನುಗ್ಗಿ ತಗಡನ್ನು ತಿಂದಿತ್ತು, ತೂತು ಅಗಲವಾಗಿತ್ತು, ತಿರುಪಿಗೆ ಹಿಡಿತವೇ ಉಳಿದಿರಲಿಲ್ಲ.

ಇಂಥಲ್ಲಿ ಇನ್ನಷ್ಟು ದಪ್ಪ ತಿರುಪು ಹಾಕಲು ಮನಸ್ಸಾಗುತ್ತದೆ. ಹಾಕಬೇಡಿ. ತೆಳು ತಗಡು ದಪ್ಪ ತಿರುಪನ್ನೂ ಬಹಳ ಕಾಲ ಹಿಡಿಯದು, ಮುಂದಿನ ಸಲಕ್ಕೆ ತೂತು ಮತ್ತಷ್ಟು ದೊಡ್ಡದಾಗಿರುತ್ತದೆ. ಪಕ್ಕದಲ್ಲಿ ಹೊಸ ತೂತನ್ನೂ ಕೊರೆಯಬೇಡಿ. 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ 2021ರಲ್ಲಿ ಬಂದಿದೆ. ಒಂದು ತೂತಿನಿಂದ ಆ ಅವಕಾಶ ತಪ್ಪಿಹೋಗದು. ಆದರೂ ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಬಂದ ತಗಡು ಆದಷ್ಟು ಹಾಗೆಯೇ ಇರಲಿ ಎಂಬುದು ನನ್ನ ಹಟ.

ಮೊದಲು ತುಕ್ಕು. 120 ನಂಬರಿನ ಉಜ್ಜುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, 400ರಿಂದ ನಯ ಮಾಡಿ, ಥಿನ್ನರ್‌ನಲ್ಲಿ ಒರೆಸಿ, ಪ್ರೈಮರ್ ಬಳಿದು, ಒಣಗಿದ ಮೇಲೆ ಬಣ್ಣ ಕೊಡಿ. ತೂತಿನ ಅಂಚಿಗೂ ಬಣ್ಣ ತಾಗಬೇಕು.

ಆಮೇಲೆ ಹಿಡಿತ. ನನ್ನ ಆಯ್ಕೆ ಬಾಗಿಲಿನ ಒಳಗಿನಿಂದ ಕೊಡುವ ಪಟ್ಟಿ. ಕಿಟಕಿಯ ಹಿಡಿಕೆ, ಬಾಗಿಲ ಹಿಡಿಕೆ ತೆಗೆದು ಒಳಪ್ಯಾಡ್ ಬಿಚ್ಚಿ. ಹಿಡಿಕೆಗಳು ಕೆಲವು ಕಾರುಗಳಲ್ಲಿ ಪಿನ್ನಿನಿಂದ, ಕೆಲವುದರಲ್ಲಿ ಕ್ಲಿಪ್ಪಿನಿಂದ ಅಥವಾ ತಿರುಪಿನಿಂದ ನಿಂತಿರುತ್ತವೆ, ನೋಡಿಯೇ ಎಳೆಯಿರಿ. 2 ಮಿ.ಮೀ. ದಪ್ಪದ ಉಕ್ಕಿನ ತುಂಡನ್ನು ಬುಡಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಬಾಗಿಲ ಉಬ್ಬಿಗೆ ತಕ್ಕಂತೆ ತುಸು ಬಗ್ಗಿಸಿ, ಹಳೆಯ ತೂತುಗಳ ನೇರಕ್ಕೆ ತೂತು ಹಾಕಿ, ಹಿಂಬದಿಗೆ ನಟ್ಟು ಬೆಸುಗೆ ಹಾಕಿಸಿ, ಬಣ್ಣ ಬಳಿಯಿರಿ. ಹೊರಗಿನಿಂದ ಬರುವ ತಿರುಪು ಇದರಲ್ಲಿ ಕೂರುತ್ತದೆ, ಭಾರ ಇಡೀ ಪಟ್ಟಿಯ ಮೇಲೆ ಹಂಚಿಹೋಗುತ್ತದೆ. ಕೈ ಹೋಗದಷ್ಟು ಇಕ್ಕಟ್ಟಾಗಿದ್ದರೆ ರಿವೆಟ್ ನಟ್ (ಹೊರಗಿನಿಂದಲೇ ತೂತಿಗೆ ಕೂರಿಸಿ ಬಿಗಿಯುವ ನಟ್ಟು) ಹಾಕಬಹುದು. ಎಂ5 ಅಳತೆಯದಕ್ಕೆ, ಎಂದರೆ 5 ಮಿ.ಮೀ. ತಿರುಪಿನದಕ್ಕೆ, ಸಾಮಾನ್ಯವಾಗಿ 7 ಮಿ.ಮೀ. ತೂತು ಬೇಕು, ತೂತಿನ ಸುತ್ತ ಗಟ್ಟಿ ತಗಡು ಉಳಿದಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಪೂರ್ತಿ ಬಿಗಿಯುವ ಮುನ್ನ ಕಿಟಕಿಯ ಗಾಜನ್ನು ನಿಧಾನವಾಗಿ ಕೆಳಗಿಳಿಸಿ ನೋಡಿ. ತಿರುಪಿನ ತುದಿಯಾಗಲಿ ಪಟ್ಟಿಯಾಗಲಿ ಗಾಜಿಗೆ ತಾಗಬಾರದು. ಉದ್ದವಿದ್ದರೆ ತಿರುಪನ್ನು ಕತ್ತರಿಸಿ. ಬಾಗಿಲು ಬಿಚ್ಚಿದಾಗಲೇ ತಳದ ನೀರು ಹೋಗುವ ರಂಧ್ರಗಳಿಗೂ ಒಂದು ತಂತಿ ಆಡಿಸಿಬಿಡಿ, ಹಳೆಯ ಬಾಗಿಲುಗಳು ಕೊಳೆಯುವುದು ಅಲ್ಲಿಂದ.

ಗ್ಯಾಸ್ಕೆಟ್‌ಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯ ಮೇಲೆ ಬುಡವನ್ನಿಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ. ಆ ಅಚ್ಚಿನಂತೆ 2 ಮಿ.ಮೀ. ರಬ್ಬರ್ ಹಾಳೆ ಕತ್ತರಿಸಿದರೆ ಸರಿಯಾಗಿ ಕೂರುತ್ತದೆ.

ಈ ಹಳೆಯ ಬುಡಗಳಲ್ಲಿ ಹಲವು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಕ್ರೋಮ್ ಕೊಟ್ಟವು. ಉಕ್ಕಿನಂತೆ ಬಾಗುವುದಿಲ್ಲ, ಸೀಳುತ್ತವೆ. ಎರಡು ತಿರುಪುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ತಿರುವಿ. ರಬ್ಬರು ಅಂಚಿನಲ್ಲಿ ತುಸು ಉಬ್ಬಿದ್ದು ಕಂಡ ಕೂಡಲೇ ನಿಲ್ಲಿಸಿ. ಸ್ಟೇನ್‌ಲೆಸ್ ತಿರುಪು ಹಾಕುವವರು ಅದಕ್ಕೆ ತೆಳುವಾಗಿ ಗ್ರೀಸ್ ಸವರಬೇಕು. ತೇವ ಸೇರಿದರೆ ಆ ಎರಡು ಲೋಹಗಳ ನಡುವೆ ಸತು ಕರಗುತ್ತಾ ಹೋಗುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ.

ಗಾಜು ಬಿಟ್ಟಿದ್ದರೆ

ಹಳೆಯ ಅಂಟು ಕೆರೆದು ತೆಗೆದು ಸಿಲಿಕೋನ್ ಹಾಕಿ, ಟೇಪಿನಲ್ಲಿ ಹಿಡಿದು ಒಂದು ದಿನ ಬಿಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದರ ಆಮ್ಲ ಗಾಜಿನ ಹಿಂದಿನ ಲೇಪವನ್ನು ತಿಂದು ಕಪ್ಪು ಕಲೆ ಎಬ್ಬಿಸುತ್ತದೆ. ನ್ಯೂಟ್ರಲ್ ಬಗೆಯದನ್ನು ಕೇಳಿ ತನ್ನಿ. ಗಾಜನ್ನೇ ಬದಲಿಸುವುದಾದರೆ ಸಪಾಟು ಗಾಜಿನ ಜಾಗಕ್ಕೆ ಉಬ್ಬುಗಾಜು ಹಾಕುವ ಮುನ್ನ ಯೋಚಿಸಿ. ಉಬ್ಬುಗಾಜಿನಲ್ಲಿ ಹೆಚ್ಚು ರಸ್ತೆ ಕಾಣುತ್ತದೆ, ಆದರೆ ವಾಹನಗಳು ಇರುವುದಕ್ಕಿಂತ ದೂರದಲ್ಲಿ ಕಾಣುತ್ತವೆ.

ಬುಡವೇ ಸೀಳಿದ್ದರೆ ಅಂಟು ನಂಬಬೇಡಿ. ಬೆಂಗಳೂರಿನವರು ಜೆ.ಸಿ. ರಸ್ತೆ, ಶಿವಾಜಿನಗರದ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು. ಹಳೆಯದನ್ನು ಕೈಯಲ್ಲೇ ಒಯ್ದು ತೂತಿನ ಅಂತರ ಹೋಲಿಸಿ ಕೊಳ್ಳಿ. ನನಗೆ ಸಿಕ್ಕಿದ ಬುಡದ ಕ್ರೋಮ್ ಸ್ವಲ್ಪ ಮಾಸಿದೆ. ತೂತುಗಳು ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡವು.

ಕೆಲಸ ಮುಗಿದ ಮೇಲೆ ಒಂದು ವಾರ ಕಾರು ಓಡಿಸಿ, ತಿರುಪುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಹೊಸ ರಬ್ಬರು ಕುಳಿತು ತೆಳುವಾಗಿರುತ್ತದೆ, ಕಾಲು ಸುತ್ತು ಬಿಗಿ ಕೇಳುತ್ತದೆ. ನಾನು ಅದನ್ನು ಮಾಡಿ ಮತ್ತೆ ರಾತ್ರಿಯಲ್ಲೇ ಮದ್ದೂರಿನ ದಾರಿ ಹಿಡಿದೆ. ಹಿಂದಿನ ಲಾರಿಯ ದೀಪಗಳು ಎರಡಾಗಿಯೇ ಕಂಡವು.